ಉತ್ತರದ ಕಿಟಕಿ

ಹಾಲಿನ ಕ್ಯಾನು ಕಟ್ಟಿಕೊಂಡು ಕಾಲುವೆ ದಂಡೆಯಲ್ಲಿ
ಸೈಕಲ್ಲು ತುಳಿಯುತ್ತಲೇ ಕಲಿತವನು ವೀಬೆ.
ಗುರುವಿಲ್ಲ, ಶಾಲೆಯಿಲ್ಲ.
ಚುರುಟಿನ ಪೆಟ್ಟಿಗೆಯ ಮುಚ್ಚಳ, ದೋಣಿಗೆ ಬಳಿದುಳಿದ ಬಣ್ಣ,
ಮತ್ತೆ ಮೋಡ.
ಅಲ್ಲಿ ನೆಲವೆಂದರೆ ಬರೀ ಒಂದು ಗೆರೆ,
ಹಲಗೆಯ ಅಡಿಯಲ್ಲಿ ಎರಡು ಬೆರಳು.
ಉಳಿದದ್ದೆಲ್ಲ ಆಕಾಶ:
ಕೊಳೆ ಉಣ್ಣೆಯಂಥದ್ದು, ಹುಳಿ ಮಜ್ಜಿಗೆಯಂಥದ್ದು,
ಸಂಜೆ ನಾಲ್ಕಕ್ಕೇ ಕವಿಯುವ ಸೀಸದಂಥದ್ದು.
ಬೂದು ಬಣ್ಣದಲ್ಲೇ ಹದಿನೇಳು ಬಗೆ ಎಣಿಸುತ್ತಿದ್ದ.
ಹದಿನೆಂಟು ಅನ್ನುತ್ತಿದ್ದಳು ಹಿಸ್ಕೆ;
ಅವಳು ಊರವರ ಬಟ್ಟೆ ಒಗೆಯುವವಳು.

ಐವತ್ತೆರಡರಲ್ಲಿ ಹಡಗು. ಐದು ವಾರ.
ಇಳಿದದ್ದು ಫ್ರೀಮ್ಯಾಂಟಲ್; ಅಲ್ಲಿಂದ ರೈಲು,
ಗೋಧಿ ಸೀಮೆ, ತಗಡಿನ ಮನೆ,
ನೀರಿಗೊಂದು ಟ್ಯಾಂಕು, ಟ್ಯಾಂಕಿನಲ್ಲೊಂದು ಸತ್ತ ಕಪ್ಪೆ.

ಮೊದಲ ಕೆಲಸ, ಹಿತ್ತಿಲಲ್ಲಿ ಚಿತ್ರದ ಕೊಟ್ಟಿಗೆ.
ಕಿಟಕಿ ಉತ್ತರಕ್ಕಿಡಬೇಕು,
ಉತ್ತರದ ಬೆಳಕು ತಣ್ಣಗೆ, ನಿಂತಲ್ಲೇ ನಿಲ್ಲುತ್ತದೆ,
ಅಷ್ಟು ಎಲ್ಲೋ ಓದಿ ಗೊತ್ತಿತ್ತು ಅವನಿಗೆ.
ಗಾಜು ಕೂರಿಸಿ, ಸ್ಟೂಲು ಎಳೆದು ಕೂತರೆ
ಇಡೀ ಸೂರ್ಯ ಒಳಗೆ,
ಸಾಲ ವಸೂಲಿಗೆ ಬಂದವನ ಹಾಗೆ.
ಭೂಮಿಯ ಈ ಮಗ್ಗುಲಲ್ಲಿ
ಹೊತ್ತು ಉತ್ತರಕ್ಕೇ ವಾಲಿ ನಡೆಯುತ್ತದೆಂದು
ಹಡಗಿನಲ್ಲಿ ಯಾರೂ ಹೇಳಿರಲಿಲ್ಲ.
ಹಿಸ್ಕೆ ಬಾಗಿಲಲ್ಲಿ ನಿಂತು ನಕ್ಕಳು.
ಆಮೇಲೆ ಅತ್ತಳೋ ಏನೋ,
ಟ್ಯಾಂಕಿನ ಹಿಂದೆ ಹೋದಳು.

ನಾಲ್ಕು ವರ್ಷ ಗೋಣಿಯ ಪರದೆ ಕಟ್ಟಿಕೊಂಡು
ಮೋಡವನ್ನೇ ಬರೆದ, ಬಾಯಿಪಾಠದಿಂದ.
ಕುರಿಯ ಉಣ್ಣೆ ಕತ್ತರಿಸುವ ಮರ್ವ್ ಒಮ್ಮೆ ಇಣುಕಿ
"ಚೆಂದ ಇದೆ. ಯಾರ ಆಕಾಶ?" ಅಂದ.
ಬಯ್ದಿದ್ದರೂ ತಡೆಯುತ್ತಿತ್ತು ಜೀವ.

ಪರದೆ ಕಿತ್ತದ್ದು ಅವನಲ್ಲ, ಫೆಬ್ರವರಿಯ ಗಾಳಿ.
ಬೆಳಿಗ್ಗೆ ನೋಡಿದರೆ ಹಸಿ ಹಲಗೆಯ ಮೇಲೆ
ಫ್ರೀಸ್‌ಲ್ಯಾಂಡಿನ ಮೋಡಕ್ಕೆಲ್ಲ
ಕೆಂಧೂಳು ಮೆತ್ತಿಕೊಂಡಿದೆ.
ಕೆರೆದು ತೆಗೆಯಲು ಚಾಕು ಎತ್ತಿದವನು
ಚಾಕುವಿನಲ್ಲೇ ಬರೆಯುತ್ತ ಕೂತ.
ಊಟಕ್ಕೆ ಕರೆದರೆ ಓಗೊಡಲಿಲ್ಲ.

ಅಂದಿನಿಂದ ದಿಗಂತ ಮೇಲೇರತೊಡಗಿತು,
ವರ್ಷಕ್ಕಿಷ್ಟು: ಎದೆಯ ಮಟ್ಟ, ಹುಬ್ಬಿನ ಮಟ್ಟ,
ಕೊನೆಗೆ ಆಕಾಶವೇ ಎರಡು ಬೆರಳು.
ಕೆಳಗೆಲ್ಲ ನೆಲ, ಸುಟ್ಟ ಇಟ್ಟಿಗೆಯ ನೆಲ,
ಉಪ್ಪುಕೆರೆಯ ಕುರುಡು ಬಿಳಿ,
ತಾಮ್ರದ ತೊಗಟೆಯ ನಾಲ್ಕೇ ಮರ.
ನೆರಳನ್ನು ತಾನೇ ನುಂಗಿಕೊಂಡ ನಡುಹಗಲು.

ಊರಿಗೊಂದು ಕಳಿಸಿದ. ಅಣ್ಣ ಬರೆದ:
"ಬೆಂಕಿ ಬಿದ್ದಿತೇ ಅಲ್ಲಿ? ಎಲ್ಲರೂ ಕ್ಷೇಮವೇ?"
ಉತ್ತರ ಬರೆಯಲು ಕೊಟ್ಟಿಗೆಯಲ್ಲಿ ಕೂತರೆ
ಹಾಳೆಯ ಮೇಲೆ ಬಿಸಿಲು,
ಬರೆದ ಅಕ್ಷರ ತನಗೇ ಕಾಣದಷ್ಟು.
ಹಾಗೇ ಮಡಚಿ ಅಂಚೆಗೆ ಹಾಕಿದ.

ಉಳಿದುಹೋದ ಬೂದು ಬಣ್ಣಗಳನ್ನು
ಹಿಸ್ಕೆ ಕೋಳಿಗೂಡಿನ ತಗಡಿಗೆ ಬಳಿದಳು, ಒಂದೊಂದಾಗಿ.
ಭಾನುವಾರ ಅದರೆದುರು ಕುರ್ಚಿ ಹಾಕಿ
ಕಾಫಿ ಆರುವವರೆಗೂ ಕೂರುತ್ತಾಳೆ.
ಹದಿನೆಂಟನೆಯದು ಯಾವುದೆಂದು
ಇನ್ನೂ ಹೇಳಿಲ್ಲ.