ಹನ್ನೊಂದು ಮಂದಿ ಬೇಕು

ಶಿವರಾತ್ರಿಗೆ ಇನ್ನೂ ಹತ್ತು ದಿನ.
ಬಾಳೆಲೆಯಲ್ಲಿ ಬೆಳಿಗ್ಗೆ ಹಲ್ಲು ಕಟಕಟ ಎನ್ನುವ ಚಳಿ,
ಹತ್ತು ಗಂಟೆಗೆಲ್ಲ ಸ್ವೆಟರು ಸ್ಕೂಟರಿನ ಸೀಟಿನಡಿ.
ಜೇಬಿನಲ್ಲಿ ನಾಲ್ಕು ಮಡಿಕೆಯ ಹಾಳೆ:
ಏಪ್ರಿಲ್ಲಿನ ಹಾಕಿಗೆ ನಮ್ಮ ಒಕ್ಕದ ತಂಡ.
ಒಂದರಿಂದ ಹನ್ನೊಂದರ ತನಕ ಅಂಕಿ,
ಅಂಕಿಯ ಮುಂದೆ ಬರೀ ಗೆರೆ.

ದೊಡ್ಡವ್ವ ಕಣದಲ್ಲಿ ಮೆಣಸು ತುಳಿಯುತ್ತಿದ್ದಳು
ಒಂದು ಕೈ ಊರುಗೋಲಿಗೆ, ಒಂದು ಸೊಂಟಕ್ಕೆ.
ಗೊಂಚಲಿನಿಂದ ಕಾಳು ಬಿಡಿಸುವುದು ಹಿಮ್ಮಡಿಗೇ ಗೊತ್ತು.
"ಕೂತ್ಕೋ. ಬೇಡ, ನೀನೂ ತುಳಿ. ನಿಂತೇ ಮಾತಾಡೋಣ."
ಚಪ್ಪಲಿ ಬಿಟ್ಟೆ. ಪಾದಕ್ಕೆ ಮೊದಲು ತಣ್ಣಗೆ, ಆಮೇಲೆ ಉರಿ.

ನಾನು ಕೇಳಿದ್ದು ಹೆಸರು. ಅವಳು ಕೊಟ್ಟದ್ದು ಸುದ್ದಿ.

"ಉತ್ತಯ್ಯನಾ? ಮೊಣಕಾಲಿಗೆ ಮೈಸೂರಲ್ಲಿ ಸ್ಟೀಲು ಹಾಕಿದ್ದಾರೆ,
ಮೆಟ್ಟಿಲು ಹತ್ತಿದರೆ ಗೇಟಿನ ಕೀಲಿನ ಹಾಗೆ ಸದ್ದಂತೆ.
ಹೇಳಿದ್ದು ಅವನ ಹೆಂಡತಿ. ಅವಳದ್ದು ಯಾವಾಗಲೂ ಒಂದು ಹಿಡಿ ಜಾಸ್ತಿ.

ಚೀಯಣ್ಣನ ಮಗ ಪಟ್ಟಾಳದಿಂದ ರಜೆ ಬರೆದಿದ್ದಾನೆ,
ಹಾಕಿಗಲ್ಲ, ಹೆಣ್ಣು ನೋಡಲಿಕ್ಕೆ.
ಕುಟ್ಟದ ಕಡೆಯ ಹುಡುಗಿ, ಟೀಚರು.
ಅವಳಪ್ಪ ಹ್ಞೂಂ ಎಂದರೆ ಅದೇ ಒಂದು ಭಾಷಣ.
ಬರ್ಕೋ, ಬರ್ತಾನೆ. ಹುಡುಗಿ ನೋಡಲಿ ಅಂತಲಾದರೂ ಓಡ್ತಾನೆ."

ಬರೆದೆ. ಮಂಡಿಯ ಮೇಲೆ ಹಾಳೆ, ಅಕ್ಷರ ಓರೆ.

"ಮೇದಪ್ಪ ಗೋಲಿಗೆ. ಅರವತ್ತಮೂರಾದರೆ ಏನು,
ಬರೀ ನಿಂತರೆ ಸಾಕು, ಆ ಅಗಲಕ್ಕೆ ಚೆಂಡು ಎಲ್ಲಿಂದ ನುಗ್ಗೀತು?
ಅವಳಿಗಳಲ್ಲಿ ಒಬ್ಬ ಆಡ್ತಾನೆ, ಒಬ್ಬ ಬರೀ ವೀಡಿಯೋ ಹಿಡೀತಾನೆ.
ಯಾವನು ಯಾವನು ಅಂತ ನನ್ನನ್ನು ಕೇಳಬೇಡ."

ಹೋದ ವರ್ಷದ ಪಟ್ಟಿ ನೋಡಿ ನಾನೇ ಓದಿದೆ:
"ಏಳು, ಮುದ್ದಯ್ಯ."

ಓದಿದ ಮೇಲೆ ನೆನಪಾಯಿತು.
ದೊಡ್ಡವ್ವನ ಕಾಲು ನಿಂತಿತು, ನನ್ನದೂ.
ಪಕ್ಕದ ತೋಟದ ಸ್ಪ್ರಿಂಕ್ಲರು ಮಾತ್ರ
ಚಿಟಚಿಟ ಸುತ್ತುತ್ತಿತ್ತು, ಹೂಮಳೆಗೆ ಕಾಯದೆ.
"ಸ್ಟಿಕ್ಕು ಮಗಳ ಹತ್ತಿರ ಇದೆ," ಎಂದಳು ಕೊನೆಗೆ,
"ಅದರಲ್ಲಿ ಕಿತ್ತಳೆ ಕೀಳ್ತಾಳೆ.
ಒಳ್ಳೆ ಉದ್ದ."

ಮತ್ತೆ ತುಳಿದೆವು.
ಯಾರದೋ ಜೀಪು ಮಾರಿದ್ದು, ಯಾರಿಗೋ ಹೆಣ್ಣು ಮಗು,
ಹುದಿಕೇರಿಯವರ ಹಸು ಬಾವಿಗೆ ಬಿದ್ದು ಎದ್ದು ಬಂದದ್ದು.
ಇದರ ನಡುವೆ ಅಲ್ಲೊಂದು ಇಲ್ಲೊಂದು ಹೆಸರು
ಹೊಟ್ಟಿನಲ್ಲಿ ಕಾಳು ಸಿಕ್ಕ ಹಾಗೆ.
ಎಣಿಸಿದೆ. ಹತ್ತು.

ದೊಡ್ಡವ್ವ ಬಗ್ಗಿ ಖಾಲಿ ಗೊಂಚಲುಗಳನ್ನು ಆರಿಸಿ
ಮೂಲೆಗೆ ಎಸೆದಳು. ಮೊರ ಎತ್ತಿದಳು. ಇಟ್ಟಳು.
"ಪೂವಕ್ಕ ಆಡ್ತಾಳೆ," ಎಂದಳು ಮೊರಕ್ಕೆ.

ನನಗೆ ಗೊತ್ತಿದ್ದ ಪೂವಕ್ಕ ಒಬ್ಬಳೇ, ನನ್ನ ಅಜ್ಜಿ,
ಐನ್‌ಮನೆಯ ಗೋಡೆಯ ಮೇಲೆ ಚೌಕಟ್ಟಿನೊಳಗೆ.

"ಅವಳಲ್ಲ. ಬಿದ್ದಪ್ಪನ ಮಗಳು.
ಪೊನ್ನಂಪೇಟೆ ಶಾಲೆಯಲ್ಲಿ ಲೆಫ್ಟ್ ಔಟು.
ಹದಿನೈದು ತುಂಬಿತು, ಎಡಗೈಯಲ್ಲೇ ಬರೀತಾಳೆ."

ಬಿದ್ದಪ್ಪ. ಎರಡು ಬೀಟೆ ಮರದ ದುಡ್ಡಿಗೆ ಮಾತು ಬಿಟ್ಟವನು.
ಹತ್ತೊಂಬತ್ತು ಪುತ್ತರಿ
ಕದಿರು ತರಲು ಗದ್ದೆಗೆ ಹೊರಟಾಗ
ಅವನ ಜಾಗ ಬಿಟ್ಟೇ ಸಾಲು ನಿಂತಿದ್ದೇವೆ,
ಬಿಟ್ಟಿದ್ದೇವೆಂದು ಯಾರೂ ಹೇಳದೆ.
ನಮ್ಮ ಮೇಲೆ ಸಿಟ್ಟಿದ್ದವನು
ನಮ್ಮ ಅಜ್ಜಿಯ ಹೆಸರಿಟ್ಟಿದ್ದಾನೆ.

"ಕಳಿಸ್ತಾನಾ?"
"ನನಗೇನು ಗೊತ್ತು? ಪಟ್ಟಿ ನಿನ್ನದು, ಪೆನ್ನು ನಿನ್ನದು."

ಪೆನ್ನು ಜೇಬಿಗೆ ಹಾಕಿ ಪೆನ್ಸಿಲು ಕೇಳಿದೆ.
ಹಾಲಿನ ಲೆಕ್ಕದ ಪುಸ್ತಕದಿಂದ ತಂದುಕೊಟ್ಟಳು,
ಅಂಗುಲದಷ್ಟು ಉಳಿದದ್ದು. ಅದರಲ್ಲೇ ಬರೆದೆ.

ಸ್ಕೂಟರು ಶುರುವಾದ ಮೇಲೆ
ಕಣದ ಅಂಚಿನವರೆಗೆ ಬಂದು ಕೂಗಿದಳು:
"ಗೇಟು ತೆಗೆಯೋ ಮೊದಲು ಹಾರ್ನು ಮಾಡು!
ಆ ಕಪ್ಪು ನಾಯಿ ಕಚ್ಚುತ್ತೆ.
ಬಿಳೀದು ಪಾಪದ್ದು."

ಹತ್ತೊಂಬತ್ತು ವರ್ಷ ಆ ದಾರಿ ತುಳಿಯದವಳಿಗೆ
ನಾಯಿಯ ಬಣ್ಣ ಹೇಗೆ ಗೊತ್ತು, ಕೇಳಲಿಲ್ಲ.
ಪಾದ ಉರಿಯುತ್ತಿತ್ತು ಪೊನ್ನಂಪೇಟೆಯ ತನಕ,
ಬ್ರೇಕು ಒತ್ತಿದಾಗಲೆಲ್ಲ ಇನ್ನೂ ಸ್ವಲ್ಪ.