ಮಿತಿ ಮೀರಿದ ಹನ್ನೆರಡು ಸಾವಿರ

ನವನಗರದ ನನ್ನ ಖೋಲಿಯಾಗ ಎರಡು ಕುರ್ಚಿ,
ಒಂದರ ಕಾಲಿಗೆ ಪುಟ್ಟಾ ಮಡಚಿ ಇಟ್ಟೀನಿ.
ಮಹಾನಂದಾ ಸಿಸ್ಟರು ಯಾವಾಗ ಬಂದ್ರೂ ಅದನ್ನಽ ಎಳಕೊಂಡು ಕೂಡತಾರ.
ರಾತ್ರಿ ಪಾಳಿ ಮುಗಿಸಿದ ಕಣ್ಣು, ಕೈಯಾಗ ಡೆಟಾಲ್ ವಾಸನಿ,
ಚೀಲದಾಗ ಎರಡು ಪಾಸ್‌ಬುಕ್ಕು,
ಒಂದು ಅವರದು, ಒಂದು ಮಗಳದು,
ಎರಡಕ್ಕೂ ಕೂಡಿ ಒಂದಽ ರಬ್ಬರ್ ಬ್ಯಾಂಡು.

ಡಿಸೆಂಬರ್ ಇಪ್ಪತ್ತೇಳು. ರಿಟರ್ನ್ ತಿದ್ದಾಕ ಇನ್ನ ನಾಕು ದಿನ.

"ಪೋಸ್ಟಿನವರು ರೊಕ್ಕ ತಿರುಗಿ ಕೊಟ್ರು ನೋಡ್ರಿ,
ಹನ್ನೆರಡು ಸಾವಿರ. ಬಡ್ಡಿ ಇಲ್ಲ ಅಂದ್ರು.
ಕಳುವು ಮಾಡೀನೇನ್ರಿ ನಾ?
ಉಳಿಸೀನಿ."

ಉಳಿಸೂದಕ್ಕೂ ಮಿತಿ ಐತ್ರಿ ಅಂದೆ.
ಪಿಪಿಎಫ್‌ನಾಗ ವರ್ಷಕ್ಕ ಒಂದೂವರೆ ಲಕ್ಷ.
ನಿಮ್ಮ ಖಾತೆಗೆ ತಿಂಗಳಾ ಹನ್ನೆರಡೂವರೆ ಸಾವಿರ ಬೀಳತಾವ,
ಅಲ್ಲಿಗೇ ಕೊಡ ತುಂಬೇತಿ.
ಮಗಳ ಖಾತೆಗೆ ತಿಂಗಳಿಗೊಂದು ಸಾವಿರ
ಸಾಲಿನಾಗ ನಿಂತು ಕಟ್ಟಿ ಬಂದಿರಲ್ಲ,
ಅದು ಕಂಠದ ಮ್ಯಾಲಿನ ನೀರು.

"ಅಕೀ ಖಾತೆ ಬ್ಯಾರೆ, ನನ್ನ ಖಾತೆ ಬ್ಯಾರೆ."

ಹದಿನೆಂಟು ತುಂಬೂತನಕ ಬ್ಯಾರೆ ಅಲ್ರಿ.
ಈ ಲೆಕ್ಕದಾಗ ನೀವಿಬ್ಬರೂ ಒಬ್ಬರಽ.

ಸಿಸ್ಟರು ನಕ್ಕರು. ಕುರ್ಚಿ ಅಲುಗಾಡೂವಂಗ ನಕ್ಕರು.
"ಇದನ್ನ ಸ್ಫೂರ್ತಿಗೆ ಯಾರರೆ ಹೇಳ್ರಿ!
ನಿನ್ನೆ ಚಿಲಕಾ ಹಾಕ್ಕೊಂಡು ಒಳಗಿಂದ ಒದರಿದ್ಲು,
ನಾ ನೀ ಅಲ್ಲ, ನಿನ್ನಂಗ ಸೂಜಿ ಚುಚ್ಚಾಕಿ ಅಲ್ಲ,
ಅರಿವಿ ಹೊಲಿಯೂದು ಕಲೀತೀನಿ ಅಂತ.
ಮನ್ಯಾಗ ಒಪ್ಪವೊಲ್ಲಳು, ಸರ್ಕಾರ ಒಪ್ಪೇತಿ.
ಯಾವ ನಿಯಮದಾಗ ಐತಿ, ಬರದು ಕೊಡ್ರಿ,
ಫ್ರಿಜ್ಜಿನ ಬಾಗಲಕ್ಕ ಅಂಟಸ್ತೀನಿ."

ನಾ ನಗಲಿಲ್ಲ.
ಜುಲೈದಾಗ, ಸರ್ವರ್ ತೆವಳೋ ರಾತ್ರಿ,
ಈ ಹನ್ನೆರಡು ಸಾವಿರ ಎಲ್ಲೂ ಹಿಡಿಸವೊಲ್ಲದು ಅಂತ
ಪಿಂಚಣಿ ಯೋಜನೆಯ ಖಾನೆಯೊಳಗ ತುರುಕಿದಾಂವ ನಾನಽ.
ಮುಪ್ಪಿನ ರೊಕ್ಕ ಮುಪ್ಪಿನ ರೊಕ್ಕ, ಯಾರು ನೋಡ್ತಾರ ಅಂತ.
ಅವರು ಹಳೇ ಪಿಂಚಣಿಯವರು,
ಆ ಯೋಜನೆಯಾಗ ಅವರದೊಂದು ಪೈಸಾ ಇಲ್ಲ.

ಹೇಳಿದೆ. ಹೇಳೂವಾಗ ಕೀಬೋರ್ಡಿನ ಧೂಳು ಒರಸ್ತಿದ್ದೆ.
ತೆರಿಗಿ ಎರಡು ಸಾವಿರದ ನಾಕುನೂರಾ ತೊಂಬತ್ತಾರು,
ಮ್ಯಾಲೆ ಚೂರು ಬಡ್ಡಿ.
"ಅವರು ಕೊಡೂವಾಗ ಬಡ್ಡಿ ಇಲ್ಲ, ನಾವು ಕೊಡೂವಾಗ ಐತಿ?"
ಹೌದ್ರಿ.
ಅದು ನನ್ನ ಕಡಿಂದ ಇರಲಿ ಅಂದೆ. ಬ್ಯಾಡ ಅಂದ್ರು.
ನಿಮ್ಮ ಫೀ ಬಿಡ್ರಿ, ಸಾಕು ಅಂದ್ರು.

ಮಿತಿ ಅಂದ್ರ ನನಗೊಂದು ಅಂಕಿ ನೆನಪಾಗತೈತಿ.
ಹಳೇ ಬಾಗಲಕೋಟಿಯ ನಮ್ಮ ಗ್ವಾಡಿ ಮ್ಯಾಲೆ
ಅಳತಿಯವರು ಕೆಂಪು ಬಣ್ಣದಾಗ ಬರದಿದ್ರು.
ಕೆಳಗಿಂದು ನೀರಿಗೆ, ಮ್ಯಾಲಿಂದು ನಮಗ.
ಹೊಸ್ತಿಲು ಕೆಳಗಿತ್ತು, ತೊಲಿ ಮ್ಯಾಲಿತ್ತು.
ತೊಲಿ ಇಟಗೊಂಡು ಏನ್ ಮಾಡೂದು?
ಅಪ್ಪ ಪರಿಹಾರದ ಅರ್ಜಿ ಹರದು ಹರದು ಬರೀತಿದ್ದ.
ಕಾಗದ ಕೊಡಾಕ ಪಕ್ಕದಾಗ ಕೂತು ಕೂತಽ
ನಾ ಈ ಧಂಧೆಕ್ಕ ಬಿದ್ದೆ.

ಪರಿಷ್ಕೃತ ಅನ್ನೂದನ್ನ ಒತ್ತಿದೆ.
ಹಳೇ ರಸೀದಿ ನಂಬರು ಕೇಳ್ತು, ಕೊಟ್ಟೆ.
ಖಾನೆಯಾಗಿನ ಹನ್ನೆರಡು ಸಾವಿರ ಅಳಿಸಿ ಸೊನ್ನಿ ಬರದೆ.
ಚಲನ್ ಕಟ್ಟಿ, ಸಿಸ್ಟರ ಮೊಬೈಲಿಗೆ ಓಟಿಪಿ ಬರೂತನಕ
ಇಬ್ಬರೂ ಅದರ ಮಾರಿ ನೋಡಿಕೋತ ಕೂತ್ವಿ.

"ಹದಿನೆಂಟಾದ ಮ್ಯಾಲೆ?"

ಅಕಿಗೆ ಅಕೀದಽ ಒಂದೂವರೆ ಲಕ್ಷ, ನಿಮಗ ನಿಮ್ಮದು.

ಸಿಸ್ಟರು ಬೆರಳು ಎಣಿಸಿದ್ರು. ಹದಿನಾಕು ತಿಂಗಳು.
ಪಾಸ್‌ಬುಕ್ಕಿಗೆ ಬ್ಯಾಂಡು ಎರಡು ಸುತ್ತು ಹಾಕಿದ್ರು,
ಮತ್ತ ಬಿಚ್ಚಿ ಒಂದು ಸುತ್ತು ಮಾಡಿದ್ರು.
ಬಾಗಲದಾಗ ನಿಂತು ಕೇಳಿದ್ರು:

"ಹನ್ನೆರಡು ಸಾವಿರದಾಗ ಹೊಲಿಗಿ ಮಷಿನ್ ಬರತೈತೇನ್ರಿ?"

ತುಳಿಯೂದು ಬರತೈತ್ರಿ ಅಂದೆ.
ಮೋಟರಿಂದು ಗೊತ್ತಿಲ್ಲ.