ಒಂದು ಗೇಣು

ಕುತೈಸಿಯ ತರಬೇತಿ ಕಾಲೇಜಿನಲ್ಲಿ
ಹಾಳೆ ಹಂಚಿದರು:
ಪಿ.ಟಿ. ಮೇಷ್ಟರಿಗೆ ಎಲ್ಲಕ್ಕಿಂತ ಮುಖ್ಯವಾದ ಕೌಶಲ ಯಾವುದು?

ಗಟ್ಟಿ ದನಿ, ಬರೆದ ವಾಜಾ.
ಮಾಡಿ ತೋರಿಸುವುದು, ಅಂದಳು ಎಕಾ,
ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಲೇ.
ಶಿಸ್ತು, ಸೀಟಿ, ಗಡಿಯಾರ, ಅಂತ ಉಳಿದವರು.
ನಾನು ಪೆನ್ನು ಕಚ್ಚುತ್ತ ಕೂತೆ.

ನಿನ್ನೆ ಮರದ ಕುದುರೆಯತ್ತ
ಮೂರು ಸಲ ಓಡಿಬಂದು
ಮೂರು ಸಲವೂ ಗಕ್ಕನೆ ನಿಂತ ಬಾರ್ಬಾರೆ,
ನಾಲ್ಕನೆಯ ಸಲ,
ಸಾಲಿನಲ್ಲಿ ಯಾರೋ ಕಿಸಕ್ಕೆಂದಾಗ,
ನೆಗೆದೇಬಿಟ್ಟಳು.
ಅವಳ ತೋಳಿನ ಕೆಳಗೇ ನನ್ನ ಅಂಗೈ ಇತ್ತು,
ಒಂದು ಗೇಣು ಬಿಟ್ಟು, ತಾಗದೆ.

"ನೀವು ಹಿಡೀಲೇ ಇಲ್ಲ ಅಲ್ವಾ?"
ಏದುಸಿರಲ್ಲೇ ಕೇಳಿದಳು.
ಇಲ್ಲ, ಅಂದೆ.

ಆ ಗೇಣಿಗೆ ಏನಂತ ಹೆಸರು?

ಗಂಟೆ ಹೊಡೆಯಿತು.
ವಾಜಾನ ಹಾಳೆ ನೋಡಿ
ಗಟ್ಟಿ ದನಿ ಅಂತಲೇ ಬರೆದುಕೊಟ್ಟೆ.